ನಾನೂರ ಹನ್ನೆರಡರ ಮೂರು ನಿಮಿಷ

ನಮ್ಮ ಭಾವ ಹತ್ತೊಂಬತ್ತು ವರ್ಷ ಸಮುದ್ರವನ್ನು ಒಂದೊಂದೇ ಕಣ್ಣಿನಲ್ಲಿ ನೋಡಿದವರು. ಬೆಳಿಗ್ಗೆ ಬಸ್ಸು ಬಂದರಿನ ಕಡೆ ಹೋಗುವಾಗ ಎಡಗಣ್ಣಲ್ಲಿ, ಸಂಜೆ ಹಿಂದಿರುಗುವಾಗ ಬಲಗಣ್ಣಲ್ಲಿ. ಎರಡೂ ಕಣ್ಣು ತೆರೆದು ನೋಡಿದ್ದರೆ ಐವತ್ತೆರಡು ಜನ ಪ್ರಯಾಣಿಕರೂ ಅದನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕಾಗುತ್ತಿತ್ತು. ಕರಾವಳಿ ರಸ್ತೆಯ ಎಕ್ಸ್‌ಪ್ರೆಸ್ ಬಸ್ಸಿನ ಡ್ರೈವರು, ಬಿಲ್ಲೆ ನಂಬರ್ ನಾನೂರ ಹನ್ನೆರಡು. ಮಿತಭಾಷಿ. ಬೈಯುವುದನ್ನೂ ಹಾರ್ನಿನಲ್ಲೇ ಮುಗಿಸುವವರು. ನಮ್ಮ ಅಕ್ಕನನ್ನು ಮದುವೆಯಾದ ಮೇಲೆ ಇದ್ದ ನಾಲ್ಕು ಮಾತನ್ನೂ ಅವಳಿಗೇ ವಹಿಸಿಕೊಟ್ಟರು.

ಅವರಿಗೆ ಒಂದು ಅಭ್ಯಾಸವಿತ್ತು. ಆ ರಸ್ತೆಯಲ್ಲಿ, ಹಳೇ ದೀಪಸ್ತಂಭ ದಾಟಿದ ಮೇಲೆ ಒಂದು ತಿರುವು. ತಿರುವಿನಾಚೆ ಅವರ ತಾಯಿಯ ಮನೆ. ಎಕ್ಸ್‌ಪ್ರೆಸ್ ಬಸ್ಸು ಅಲ್ಲಿ ನಿಲ್ಲುವ ಹಾಗಿಲ್ಲ. ಹಾಗಾಗಿ ಭಾವ ತಿರುವಿಗೆ ಮುಂಚೆ ಎರಡು ಸಲ ಹಾರ್ನ್ ಒತ್ತುತ್ತಿದ್ದರು. ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ತಾಯಿ ಗೇಟಿಗೆ ಬರುತ್ತಿದ್ದರು, ಕೈ ಎತ್ತುತ್ತಿದ್ದರು. ಭಾವ ಸ್ಟೇರಿಂಗಿನಿಂದ ಎರಡು ಬೆರಳು ಎತ್ತುತ್ತಿದ್ದರು. ತಾಯಿ ಮಗನ ಭೇಟಿ ಅಷ್ಟೇ, ನಾಲ್ಕು ಸೆಕೆಂಡು. ಹತ್ತೊಂಬತ್ತು ವರ್ಷ.

ಒಂದು ದಿನ ಎರಡು ಹಾರ್ನಿಗೂ ಗೇಟಿಗೆ ಯಾರೂ ಬರಲಿಲ್ಲ. ಭಾವ ಬ್ರೇಕು ಹಾಕಿದರು. ಒಳಗೆ ಓಡಿದರೆ ತಾಯಿ ಜ್ವರದಲ್ಲಿ ಮಲಗಿದ್ದಾರೆ. ನೀರು ಕುಡಿಸಿ, ಮಾತ್ರೆಯ ಡಬ್ಬಿಯನ್ನು ಕೈಗೆಟುಕುವಂತೆ ಇಟ್ಟು, ಪಕ್ಕದ ಮನೆಯವರಿಗೆ ಕೂಗಿ ಹೇಳಿ, ಮತ್ತೆ ಸೀಟಿಗೆ. ನಾಲ್ಕು ನಿಮಿಷ. ಆ ನಾಲ್ಕನ್ನೂ ಮುಂದಿನ ದಾರಿಯಲ್ಲಿ ಸರಿದೂಗಿಸಿಕೊಂಡು, ಕವಲು ನಿಲ್ದಾಣಕ್ಕೆ ಕಾಗದದಲ್ಲಿ ಬರೆದಂತೆಯೇ ಹನ್ನೊಂದು ಐವತ್ತಕ್ಕೆ ಮುಟ್ಟಿದೆ ಎನ್ನುವುದು ಭಾವನ ಮಾತು.

ಕವಲಿನಲ್ಲಿ ಬಸ್ಸುಗಳ ಹೊತ್ತು ಬರೆದುಕೊಳ್ಳಲು ಒಬ್ಬ ಟೈಮ್ ಕೀಪರ್ ಇದ್ದರು. ಎಲ್ಲರೂ ಅವರನ್ನು ಟೈಮ್ ಸಾಹೇಬರು ಎನ್ನುತ್ತಿದ್ದರು. ಅವರ ಗೋಡೆ ಗಡಿಯಾರ ಹನ್ನೊಂದು ಐವತ್ತಮೂರು ತೋರಿಸುತ್ತಿತ್ತು.

"ಸಾರ್, ನನ್ನ ವಾಚಲ್ಲಿ ಐವತ್ತೇ ಇದೆ" ಎಂದು ಭಾವ ಕೈ ಚಾಚಿದರು. ಕೆಲಸ ಸಿಕ್ಕಾಗ ತಾಯಿ ಕೊಡಿಸಿದ್ದ, ಕೀಲಿ ಕೊಡುವ ವಾಚು.

ಟೈಮ್ ಸಾಹೇಬರು ತಮ್ಮ ಮಣಿಕಟ್ಟನ್ನು ಗಡಿಯಾರದ ಪಕ್ಕಕ್ಕೆ ಹಿಡಿದು ತೋರಿಸಿದರು. ಎರಡೂ ಐವತ್ತಮೂರು. "ಎರಡು ಸಾಕ್ಷಿ ನನ್ನ ಕಡೆ, ಒಂದು ನಿನ್ನ ಕಡೆ. ಯಾಕಯ್ಯಾ ತಡ ಆಯ್ತು?"

ಭಾವ ಬಾಯಿ ಬಿಡಲಿಲ್ಲ. ಕಂಡಕ್ಟರ್ ಬಿಟ್ಟುಬಿಟ್ಟ. ತಡವಾಗಿರದಿದ್ದರೆ ಯಾರೂ ಕೇಳುತ್ತಲೇ ಇರಲಿಲ್ಲ. ಕೇಳಿದ್ದರಿಂದ ಮೆಮೊ ಬಂತು: ಅನಧಿಕೃತ ನಿಲುಗಡೆ, ಮೂರು ನಿಮಿಷ ತಡ. ಮೆಮೊದ ಬೆನ್ನಿಗೇ ವರ್ಗವಾಯಿತು, ಸಮುದ್ರದ ವಾಸನೆಯೂ ಸುಳಿಯದ ಒಳನಾಡಿನ ಕಲ್ಲುಗಣಿ ಮಾರ್ಗಕ್ಕೆ. ಮಗ ಈಗ ಈ ಬಸ್ಸಿನಲ್ಲಿಲ್ಲ ಎಂದು ತಾಯಿಗೆ ಹೇಳಿದ್ದರಂತೆ. ಆದರೂ ಆಕೆ ದಿನವೂ ಹೊತ್ತಿಗೆ ಸರಿಯಾಗಿ ಗೇಟಿಗೆ ಬಂದು, "ಇವತ್ತಾದ್ರೂ ಹಾಕಿರಬಹುದು ಅವನನ್ನ" ಎಂದು ನಿಲ್ಲುತ್ತಿದ್ದರು. ಹೊಸ ಡ್ರೈವರಿಗೆ ಎರಡು ಹಾರ್ನಿನ ವಿಷಯ ಯಾರು ಹೇಳಬೇಕು? ಬಸ್ಸು ಸುಮ್ಮನೆ ಹೋಗಿಬಿಡುತ್ತಿತ್ತು. ಐದನೆಯ ತಿಂಗಳು ತಾಯಿಯೂ ಹೋದರು. ಸುದ್ದಿ ಬಂದಾಗ ಭಾವ ಗಣಿಯ ಧೂಳಿನಲ್ಲಿ ಟೈರು ಬದಲಾಯಿಸುತ್ತಿದ್ದರು.

ಅಂದೇ ಆ ವಾಚನ್ನು ಬಿಚ್ಚಿ ಅಕ್ಕನ ಗುಂಡಿ ಡಬ್ಬಿಗೆ ಹಾಕಿದರು. "ಅಮ್ಮ ಕೊಟ್ಟ ವಾಚೇ ನನಗೆ ಸುಳ್ಳು ಹೇಳ್ತು" ಎಂದರಂತೆ. ಆದರೆ ತಡವನ್ನು ಸರಿದೂಗಿಸಿಕೊಂಡಿದ್ದೆ, ಸರಿಯಾದ ಹೊತ್ತಿಗೇ ಮುಟ್ಟಿದ್ದೆ ಎಂಬ ಮಾತನ್ನು ಮಾತ್ರ ಬಿಡಲಿಲ್ಲ. ವಾಚು ಸುಳ್ಳಾದರೆ ಮಾತು ಹೇಗೆ ನಿಜ ಎಂದು ಕೇಳಿದರೆ, "ನನ್ನ ಕಾಲಿಗೆ ಗೊತ್ತು, ಆಕ್ಸಿಲರೇಟರ್ ಎಷ್ಟು ಒತ್ತಿದ್ದೆ ಅಂತ" ಎನ್ನುತ್ತಿದ್ದರು. ಯಾರೂ ನಂಬಲಿಲ್ಲ. ಅಕ್ಕನೂ ನಂಬಲಿಲ್ಲ. ನಾನಂತೂ ಒಂದು ಹೆಜ್ಜೆ ಮುಂದೆ ಹೋಗಿ 'ಮೂರು ನಿಮಿಷದ ಮಹಾಪುರುಷ' ಎಂದು ಪತ್ರಿಕೆಯಲ್ಲಿ ಲಘುಬರಹ ಬರೆದು ನಾಲ್ಕು ಜನರನ್ನು ನಗಿಸಿದೆ. ನಾಲ್ಕು ಜನ ಎಂದದ್ದು ಉತ್ಪ್ರೇಕ್ಷೆ. ಭಾವ ಓದಿ, ಮಡಚಿ, ಜೇಬಿಗಿಟ್ಟುಕೊಂಡು, "ನಿನ್ನದು ಆಮೇಲೆ ನೋಡ್ಕೋತೀನಿ ಬಾಮೈದ" ಎಂದಷ್ಟೇ ಹೇಳಿದರು.

ಕೆಲವರು ಸಿಟ್ಟನ್ನು ಕೂಗಿ ಖಾಲಿ ಮಾಡುತ್ತಾರೆ. ನಮ್ಮ ಭಾವ ಅದಕ್ಕೆ ಎಣ್ಣೆ ಹಾಕಿ, ತುಕ್ಕು ಹಿಡಿಯದ ಹಾಗೆ ಬಟ್ಟೆ ಸುತ್ತಿ ಇಟ್ಟುಕೊಂಡವರು. ಹನ್ನೆರಡು ವರ್ಷ ಗಣಿ ದಾರಿ ಓಡಿಸಿ ನಿವೃತ್ತರಾದರು. ಟೈಮ್ ಸಾಹೇಬರೂ ನಿವೃತ್ತರಾಗಿ, ಮಗಳ ಮನೆಗೆಂದು ನಮ್ಮ ಪಕ್ಕದ ಬೀದಿಗೇ ಬಂದು ಕೂತರು. ಎದುರಾದಾಗೆಲ್ಲ ಭಾವ ನಮಸ್ಕಾರ ಹೇಳುತ್ತಿದ್ದರು. ಆ ನಮಸ್ಕಾರ ಕೇಳಿದರೆ ನನಗೆ ಬೆನ್ನು ತಣ್ಣಗಾಗುತ್ತಿತ್ತು.

ಹೋದ ತಿಂಗಳು, ಅಕ್ಕ ಭಾವ ನಮ್ಮ ಮನೆಯಲ್ಲಿ ಕೂತಿದ್ದಾಗ, ಟೈಮ್ ಸಾಹೇಬರೇ ಬಂದರು. ಬಂದರಿನ ಊರಿನಲ್ಲಿ ನಿವೃತ್ತ ನೌಕರರ ಸಂಘದವರು ಅವರಿಗೆ ಸನ್ಮಾನ ಇಟ್ಟುಕೊಂಡಿದ್ದಾರೆ. ಸೇವೆಯಲ್ಲಿ ಒಂದು ನಿಮಿಷವೂ ತಡವಾಗದ ನೌಕರ ಎಂದು. ಶನಿವಾರ, ಸರಿಯಾಗಿ ನಾಲ್ಕು ಗಂಟೆಗೆ. ಸಂಘದ ಜೀಪು ಗ್ಯಾರೇಜಿನಲ್ಲಿದೆ. ನನ್ನ ಕಾರಿನಲ್ಲಿ ಕರೆದುಕೊಂಡು ಹೋಗಲಾಗುತ್ತದೆಯೇ?

ನನ್ನ ಕಾರಿನ ಬಗ್ಗೆ ಹೇಳಬೇಕಾದ್ದು ಹೆಚ್ಚೇನಿಲ್ಲ. ಅದರ ಗಡಿಯಾರದಲ್ಲಿ ಆರು ವರ್ಷದಿಂದ ಹನ್ನೆರಡೂ ಇಪ್ಪತ್ತು. ನಾನು ಓಡಿಸುವುದರ ಬಗ್ಗೆ ಅದಕ್ಕಿಂತ ಕಡಿಮೆ ಹೇಳುವುದು ವಾಸಿ. "ಅಷ್ಟು ದೂರ ನನ್ನಿಂದ..." ಎಂದು ನಾನು ರಾಗ ಎಳೆಯುತ್ತಿದ್ದೆ.

"ನಾನು ಓಡಿಸ್ತೀನಿ ಸಾರ್" ಎಂದರು ಭಾವ, ಪೇಪರು ಕೆಳಗಿಳಿಸಿ. ಸಕ್ಕರೆ ಪಾಕದಂಥ ದನಿ.

ಟೈಮ್ ಸಾಹೇಬರು ಹೋದ ಮೇಲೆ ಅಕ್ಕ ಸೊಂಟಕ್ಕೆ ಕೈಯಿಟ್ಟಳು. "ರೀ, ಏನು ನಿಮ್ಮ ಹಂಚಿಕೆ?"

"ಹಂಚಿಕೆ ಏನೇ? ಸಮುದ್ರ ನೋಡಿ ಬಹಳ ದಿನ ಆಯ್ತು."

"ದಾರೀಲಿ ತಳ್ಳಿಬಿಟ್ಟೀರಾ ಆಯಪ್ಪನ್ನ?"

"ಛೆ, ಎಕ್ಸ್‌ಪ್ರೆಸ್ ಡ್ರೈವರ್ ಕಣೇ ನಾನು. ಹತ್ತಿಸ್ಕೊಂಡವರನ್ನ ಊರು ಮುಟ್ಟಿಸ್ತೀನಿ."

ಅಕ್ಕ ತಾನೂ ಹೊರಟಳು, ಕಾವಲಿಗೆ.

ಶನಿವಾರ ಟೈಮ್ ಸಾಹೇಬರು ಇಸ್ತ್ರಿ ಮಾಡಿದ ಕೋಟಿನಲ್ಲಿ ಮುಂದಿನ ಸೀಟಿನಲ್ಲಿ ಕೂತರು. ಮೂರೂವರೆ ಗಂಟೆಯ ದಾರಿ. ಬೆಳಿಗ್ಗೆ ಹತ್ತಕ್ಕೇ ಹೊರಡಬೇಕೆಂದು ಅವರ ಹಟ, ಹತ್ತಕ್ಕೇ ಹೊರಟೆವು. ಹಿಂದೆ ನಾನು, ಅಕ್ಕ, ಅವಳ ಬುತ್ತಿ ಚೀಲ. ನನ್ನ ಫೋನು ಹೊರಡುವ ಮುಂಚೆಯೇ ಅವಳ ಕೈ ಸೇರಿತ್ತು. ಒಂದು ಗಂಟೆಯೊಳಗೆ ಅದರಲ್ಲಿ ದಾರಿಬದಿಯ ಮರಗಳ ಎಂಬತ್ತು ಫೋಟೋ ತೆಗೆದು, ಬ್ಯಾಟರಿಗೆ ಮುಕ್ತಿ ಕೊಟ್ಟಳು. ತನ್ನದನ್ನು ತಂದಿರಲಿಲ್ಲ. ಭಾವನಂತೂ ನಿವೃತ್ತರಾದ ಮೇಲೆ ಫೋನನ್ನು ಮನೆಯ ಗೋಡೆ ಬಿಟ್ಟು ಬೇರೆಲ್ಲೂ ನಂಬಿದವರಲ್ಲ. ಹೀಗಾಗಿ ಇಡೀ ಕಾರಿನಲ್ಲಿ ಉಳಿದ ಒಂದೇ ಹೊತ್ತು ಟೈಮ್ ಸಾಹೇಬರ ಮಣಿಕಟ್ಟಿನದು.

ರಸ್ತೆ ಸಮುದ್ರವನ್ನು ಸೇರಿದ ಮೊದಲ ತಿರುವಿನಲ್ಲೇ ಭಾವ ಕಾರನ್ನು ಪಕ್ಕಕ್ಕೆ ಹಾಕಿದರು.

"ಏನಾಯ್ತಯ್ಯಾ? ಪಂಕ್ಚರಾ?"

"ಇಲ್ಲ ಸಾರ್. ಇಲ್ಲಿಂದ ಸಮುದ್ರ ಚೆನ್ನಾಗಿ ಕಾಣುತ್ತೆ ಅಂತ ಪ್ರಯಾಣಿಕರು ಹೇಳ್ತಿದ್ರು. ಎರಡು ಕಣ್ಣಲ್ಲೂ ನೋಡೋಣ ಅಂತ." ಇಳಿದು, ಬಾನೆಟ್ಟಿಗೆ ಒರಗಿ, ಎರಡು ಕಣ್ಣಲ್ಲೂ ನೋಡಿದರು. ಕೆಳಗೆ ನೀರು ಬಂಡೆಗಳ ನಡುವೆ ನುಗ್ಗಿ ಬಿಳಿಯಾಗಿ ಹಿಂದೆ ಸರಿಯುತ್ತಿತ್ತು. ಸಾಕಷ್ಟು ನೋಡಿದ ಮೇಲೆ ಕಿಟಕಿಗೆ ಬಗ್ಗಿ, "ಸಾರ್, ಟೈಮೆಷ್ಟು?" ಎಂದರು.

"ಹನ್ನೊಂದು ಇಪ್ಪತ್ತು."

"ಥ್ಯಾಂಕ್ಸ್ ಸಾರ್."

ಇನ್ನಷ್ಟು ದೂರದಲ್ಲಿ ಗಾಳಿಮರಗಳ ಕೆಳಗೆ ಜೋಳ ಸುಡುವವಳು ಕೂತಿದ್ದಳು. ಅಲ್ಲಿ ನಿಂತೆವು. ಭಾವ ಒಂದೊಂದೇ ಕಾಳು ಬಿಡಿಸಿಕೊಂಡು ತಿಂದರು. ಅಷ್ಟು ನಿಧಾನವಾಗಿ ಜೋಳ ತಿಂದವರನ್ನು ನಾನು ಕಂಡಿಲ್ಲ. ಕೆಂಡದವಳೇ ಬೇಸತ್ತು, "ಅಣ್ಣಾ, ಹಲ್ಲು ನೋಯುತ್ತಾ?" ಎಂದು ಕೇಳಿದಳು. ಮತ್ತೆ, "ಸಾರ್, ಟೈಮೆಷ್ಟು?" ಆಮೇಲೆ ಬಲೆ ಹೆಣೆಯುತ್ತಿದ್ದ ಮುದುಕನ ಹತ್ತಿರ ನಿಂತು ಗಂಟು ಹಾಕುವುದನ್ನು ಕಲಿತರು. ಅಕ್ಕ ಹುಲ್ಲಿನ ಟೋಪಿ ಕೊಳ್ಳಬೇಕೆಂದಳು. ಬೇರೆ ದಿನವಾದರೆ ಬಸ್ಸಿಗೆ ಬ್ರೇಕು ಹಾಕುವುದಕ್ಕಿಂತ ಬಿಗಿಯಾಗಿ ಅವಳಿಗೆ ಬ್ರೇಕು ಹಾಕುವ ಮನುಷ್ಯ, "ಎಲ್ಲಾ ಹಾಕ್ಕೊಂಡು ನೋಡೇ, ಅವಸರ ಯಾಕೆ" ಎಂದರು. ಅಕ್ಕನಿಗೆ ಗಾಬರಿಯಾಗಿ ಮೊದಲನೆಯದನ್ನೇ ಕೊಂಡುಬಿಟ್ಟಳು.

ಪ್ರತಿ ನಿಲುಗಡೆಯಲ್ಲೂ ಅದೇ ಪ್ರಶ್ನೆ. ಪ್ರತಿ ಸಲವೂ ಟೈಮ್ ಸಾಹೇಬರು ಉತ್ತರ ಹೇಳಲೇಬೇಕು. ಹೊತ್ತು ಕೇಳಿದರೆ ಹೇಳದೆ ಇರಲು ಆ ಮನುಷ್ಯನಿಂದ ಆಗುತ್ತಿರಲಿಲ್ಲ. ಹೇಳುವಾಗ ದನಿ ಮಾತ್ರ ಒಂದೊಂದು ನಿಲುಗಡೆಗೂ ಒಂದೊಂದು ಮೆಟ್ಟಿಲು ಮೇಲೇರುತ್ತಿತ್ತು.

"ನೋಡಯ್ಯಾ, ನನ್ನ ಜೀವಮಾನದಲ್ಲಿ ತಡ ಆಗಿಲ್ಲ ನಾನು."

"ಗೊತ್ತು ಸಾರ್. ಅದಕ್ಕೇ ಅಲ್ವಾ ಸನ್ಮಾನ." ಭಾವ ಗೇರು ಬದಲಾಯಿಸುತ್ತ, ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದರು. "ಸಾರ್, ನನಗೊಂದು ಮೆಮೊ ಕೊಟ್ಟಿದ್ರಿ. ನೆನಪಿದೆಯಾ?"

"ನಿನಗಾ? ಎಷ್ಟು ಬರೆದಿದೀನೋ! ಎಲ್ಲಾ ನೆನಪಿಟ್ಕೊಳ್ಳೋಕಾಗುತ್ತಾ?" ಟೈಮ್ ಸಾಹೇಬರು ನಕ್ಕರು.

ಹಿಂದಿನಿಂದ ನನಗೆ ಭಾವನ ಕತ್ತಿನ ನರ ಮಾತ್ರ ಕಾಣುತ್ತಿತ್ತು. ಅಕ್ಕ ನನ್ನ ತೊಡೆ ಚಿವುಟಿದಳು. ಅವಳಿಗೆ ಭಯವಾದರೆ ಚಿವುಟಿಸಿಕೊಳ್ಳುವವನು ನಾನು, ಚಿಕ್ಕಂದಿನಿಂದಲೂ.

ದೀಪಸ್ತಂಭ ದಾಟಿತು. ತಿರುವು ಬಂತು. ಭಾವ ಎರಡು ಸಲ ಹಾರ್ನ್ ಒತ್ತಿದರು. ಬೆಳಗಿನಿಂದ ಕಂಡ ಕಂಡಲ್ಲಿ ನಿಂತ ಕಾರು ಅಲ್ಲಿ ಮಾತ್ರ ನಿಲ್ಲಲಿಲ್ಲ. ಮನೆಗೆ ಬೇರೆ ಯಾರೋ ನೀಲಿ ಬಣ್ಣ ಬಳಿದಿದ್ದರು. ಗೇಟು ಹಳೆಯದೇ. ಭಾವನ ಎರಡು ಬೆರಳು ಸ್ಟೇರಿಂಗಿನಿಂದ ಮೇಲೆದ್ದು, ಮತ್ತೆ ಕೂತವು.

"ಎದುರಿಗೆ ಯಾರೂ ಇಲ್ಲ, ಹಾರ್ನ್ ಯಾಕಯ್ಯಾ?" ಎಂದರು ಟೈಮ್ ಸಾಹೇಬರು.

ಭಾವ ಗೇರು ಹೆಚ್ಚಿಸಿದರು.

ಕೊನೆಯ ನಿಲುಗಡೆ ಒಂದು ದಂಡೆ. ಮರಳಿನ ಮೇಲೆ ದೋಣಿಯೊಂದನ್ನು ಬೋರಲು ಹಾಕಿ, ಒಬ್ಬಾತ ಅದಕ್ಕೆ ಹಸಿರು ಬಣ್ಣ ಬಳಿಯುತ್ತಿದ್ದ. ಭಾವ ಅವನ ಪಕ್ಕ ಕುಕ್ಕರಗಾಲಿನಲ್ಲಿ ಕೂತರು. ಟೈಮ್ ಸಾಹೇಬರು ಕೋಟು ಬಿಚ್ಚಿ, ಮತ್ತೆ ಹಾಕಿಕೊಂಡು, ಕಾರಿನ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದರು. ನಾನು ಭಾವನ ಹತ್ತಿರ ಹೋಗಿ ಪಿಸುಗುಟ್ಟಿದೆ. "ಭಾವ, ಸಾಕು. ಮುದುಕ ಇಲ್ಲೇ ಎದೆ ಹಿಡ್ಕೊಂಡು ಕೂತ್ರೆ ಏನ್ ಗತಿ? ಈಗಲೇ ಅರ್ಧ ಗಂಟೆ ತಡ ಆಗುತ್ತೆ."

"ಅರ್ಧ ಗಂಟೆನಾ?" ಭಾವ ನನ್ನನ್ನು ನೋಡಿದ ರೀತಿ, ನಾನು ಅವರ ವಂಶಕ್ಕೇ ಬೈದ ಹಾಗಿತ್ತು. "ಅರ್ಧ ಗಂಟೆ ತಡ ಮಾಡೋಕೆ ನೀನೇ ಸಾಕಲ್ಲೋ, ನಾನ್ಯಾಕೆ? ಸರಿಯಾಗಿ ಮೂರು ನಿಮಿಷ ತಡ ಮಾಡ್ತೀನಿ. ಎರಡಲ್ಲ, ನಾಲ್ಕಲ್ಲ. ಎಲ್ಲರೂ ಬಾಗಿಲಲ್ಲಿ ನಿಂತು, ಅವನ ವಾಚನ್ನೂ ಅವನನ್ನೂ ನೋಡ್ಬೇಕು. ಯಾಕಯ್ಯಾ ತಡ ಆಯ್ತು ಅಂತ ಕೇಳ್ಬೇಕು. ಆಗ ಅವನು ಬಾಯಿ ಬಿಡದೆ ನಿಲ್ಬೇಕು." ಎದ್ದು ಮಂಡಿಯ ಮರಳು ಕೊಡವಿಕೊಂಡರು. "ಸಾರ್, ಟೈಮೆಷ್ಟು?"

"ಮೂರು ಇಪ್ಪತ್ತೊಂದು!" ಟೈಮ್ ಸಾಹೇಬರು ಕೂಗಿದರು.

"ಇಲ್ಲಿಂದ ನಲವತ್ತೆರಡು ನಿಮಿಷ. ಹತ್ತಿ ಸಾರ್, ಹೋಗೋಣ."

ಆಮೇಲೆ ನಾನು ಕಂಡದ್ದು ನನ್ನ ಕಾರಿನ ಯೌವನ. ಅದಕ್ಕೆ ಅಷ್ಟು ಶಕ್ತಿ ಇದೆಯೆಂದು ನನಗೂ ಗೊತ್ತಿರಲಿಲ್ಲ, ಅದಕ್ಕೂ ಗೊತ್ತಿರಲಿಲ್ಲ. ಹೆಚ್ಚು ಓಡಿದೆವು ಎಂದಲ್ಲ, ಎಲ್ಲೂ ಒಂದು ಸೆಕೆಂಡು ಸೋರಲಿಲ್ಲ. ಕವಲು ನಿಲ್ದಾಣದ ಹಳೇ ಕೋಣೆಯ ಮುಂದೆ ಹಾದುಹೋದಾಗ ಭಾವ ಅತ್ತ ತಿರುಗಿಯೂ ನೋಡಲಿಲ್ಲ. ಟೈಮ್ ಸಾಹೇಬರು ಜೋರಾಗಿ ಎಣಿಸುತ್ತಿದ್ದರು: "ಮೂರು ಐವತ್ತು... ಐವತ್ತಾರು... ಬೇಗ ಕಣಯ್ಯಾ!" ಬಂದರಿನ ಊರು ಹೊಕ್ಕ ಮೇಲೆ, ರಸ್ತೆ ದಾಟುತ್ತಿದ್ದ ಬಾತುಕೋಳಿಗಳ ಸಾಲಿಗೆ ಭಾವ ಕಾರು ನಿಲ್ಲಿಸಿ ದಾರಿಬಿಟ್ಟರು. ಕೊನೆಯ ಕುಂಟು ಬಾತುವಿಗೂ. "ನಾಲ್ಕು ಗಂಟೆ!" ಎಂದ ಟೈಮ್ ಸಾಹೇಬರ ದನಿ ಒಡೆಯಿತು. ಭಾವನ ಮುಖದಲ್ಲಿ ಆ ದಿನ ಮೊದಲ ಸಲ ನಗು ಕಂಡಿತು. ಅದು ನೋಡುವಂಥ ನಗು ಆಗಿರಲಿಲ್ಲ.

ಸಭಾಭವನದ ಮೆಟ್ಟಿಲಿಗೆ ಕಾರು ತಾಗಿ ನಿಂತಾಗ ಟೈಮ್ ಸಾಹೇಬರ ವಾಚಿನಲ್ಲಿ ನಾಲ್ಕು ಮೂರು. ಕರೆಕ್ಟಾಗಿ. ಅವರು ಬೆವರೊರೆಸಿಕೊಂಡು ಇಳಿದರು. ಭಾವ ಹಿಂದೆಯೇ ಇಳಿದರು, ಊಟಕ್ಕೆ ಕೂರುವವರ ಹಾಗೆ ತೋಳು ಮಡಚಿಕೊಂಡು.

ಬಾಗಿಲಲ್ಲಿ ಸಂಘದ ಅಧ್ಯಕ್ಷರು ನಿಂತಿದ್ದರು. ಕೈ ಗಡಿಯಾರ ನೋಡಿಕೊಂಡರು. ಒಳಗಿನ ಗೋಡೆ ಗಡಿಯಾರವನ್ನೂ ನೋಡಿದರು. ಆಮೇಲೆ ಚಪ್ಪಾಳೆ ತಟ್ಟಿದರು. "ನೋಡ್ರಪ್ಪಾ! ನಾಲ್ಕು ಅಂದ್ರೆ ನಾಲ್ಕು! ಒಂದು ಸೆಕೆಂಡ್ ಆಚೆ ಇಲ್ಲ, ಈಚೆ ಇಲ್ಲ!"

ಗೋಡೆಯ ಮೇಲೆ ನಾಲ್ಕು ಗಂಟೆ.

ಭಾವ ಮೆಟ್ಟಿಲ ಮೇಲೇ ನಿಂತುಬಿಟ್ಟರು. ಆಮೇಲೆ ಬಂದು ಕೊನೆಯ ಸಾಲಿನಲ್ಲಿ ನನ್ನ ಪಕ್ಕ ಕುಸಿದರು. "ಕೈ ಹೋಯ್ತು ಕಣೋ" ಎಂದರು ಮೆಲ್ಲಗೆ. "ಮೂವತ್ತೊಂದು ವರ್ಷದ ಕೈ. ಮೂರು ನಿಮಿಷ ಹಿಡಿಯೋಕಾಗ್ಲಿಲ್ಲ. ಮುದುಕ ಗಾಬರೀಲಿ ಮುಂಚೇನೇ ನಾಲ್ಕು ಅಂತ ಕೂಗಿರಬೇಕು. ಅವತ್ತೂ ಹೀಗೇ ಆಗಿರಬೇಕು. ನೀವೆಲ್ಲ ಹೇಳಿದ್ದೇ ಸರಿ." ಅವರ ಸಿಟ್ಟನ್ನು ಬೇಕಾದಷ್ಟು ಸಲ ಕಂಡವನು ನಾನು. ಈ ದನಿಯನ್ನು ಕೇಳಿರಲಿಲ್ಲ. ಅಕ್ಕ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡಳು.

ಸಭೆಯಲ್ಲಿ ನಲವತ್ತು ಜನ, ಮುಕ್ಕಾಲು ಪಾಲು ಆ ರಸ್ತೆಯಲ್ಲಿ ಓಡಿಸಿದ ಹಳೇ ಡ್ರೈವರುಗಳು. ಸನ್ಮಾನಕ್ಕಲ್ಲ, ಚಹಾಕ್ಕೆ ಬಂದವರು. ಟೈಮ್ ಸಾಹೇಬರಿಗೆ ಒಂದು ದೊಡ್ಡ ಗೋಡೆ ಗಡಿಯಾರವನ್ನು ಕಾಣಿಕೆ ಕೊಟ್ಟರು. ಅಧ್ಯಕ್ಷರು ಮೈಕು ಮುಂದೆ ಹಿಡಿದು ಕೇಳಿದರು: "ಸಾಹೇಬರೇ, ಒಂದು ದಿನವೂ ತಡ ಆಗದೆ ಇರೋ ಗುಟ್ಟೇನು? ನಮಗೂ ಹೇಳಿ."

ಟೈಮ್ ಸಾಹೇಬರು ಅರಳಿದರು. "ಗುಟ್ಟು ಸಣ್ಣದು. ನಮ್ಮ ತಂದೆ ಹೇಳಿಕೊಟ್ಟಿದ್ದು. ನನ್ನ ವಾಚು ಯಾವತ್ತೂ ಮೂರು ನಿಮಿಷ ಮುಂದೆ." ಕೈಯೆತ್ತಿ ತೋರಿಸಿದರು. "ಮುಂದಿದೆ ಅಂತ ನೆನಪಿಟ್ಕೊಂಡ್ರೆ ಪ್ರಯೋಜನ ಇಲ್ಲ. ಮರೆತುಬಿಡಬೇಕು. ಇವತ್ತೂ ಮರೆತಿದ್ದೆ, ದಾರಿ ಉದ್ದಕ್ಕೂ ಒದ್ದಾಡಿದೆ. ನೋಡಿ, ಸರಿಯಾದ ಹೊತ್ತಿಗೆ ಬಂದೆ!"

ಜನ ನಕ್ಕರು. ನನ್ನ ಪಕ್ಕದಲ್ಲಿ ಕುರ್ಚಿ ಕಿರುಗುಟ್ಟಿತು. ಭಾವ ಎದ್ದು ನಿಂತಿದ್ದರು.

"ಸಾರ್" ಎಂದರು. ಬಸ್ಸಿನ ಹಿಂದಿನ ಸೀಟಿಗೂ ಕೇಳುವ ದನಿ. "ಕವಲಿನ ಗೋಡೆ ಗಡಿಯಾರ?"

"ಅದನ್ನೂ ನಾನೇ ಇಡ್ತಿದ್ದೆ. ಬೇರೆ ಯಾರನ್ನೂ ಮುಟ್ಟೋಕೆ ಬಿಡ್ತಿರಲಿಲ್ಲ" ಎಂದರು ಟೈಮ್ ಸಾಹೇಬರು ಹೆಮ್ಮೆಯಿಂದ.

"ಯಾವುದನ್ನ ನೋಡಿ ಇಡ್ತಿದ್ರಿ?"

"ಇದನ್ನೇ..." ಮಣಿಕಟ್ಟು ಅರ್ಧಕ್ಕೆ ನಿಂತಿತು.

ಆ ಕವಲು ಹತ್ತಿರ ಬಂದಂತೆ ಕಾರಣ ಗೊತ್ತಿಲ್ಲದೆಯೇ ಒಂದಿಷ್ಟು ಜೋರಾಗಿ ಒತ್ತುವುದು ಆ ಮಾರ್ಗದ ಎಲ್ಲ ಡ್ರೈವರುಗಳ ರೂಢಿಯಾಗಿತ್ತು. ಅಲ್ಲಿ ಟೈಮು ಬಿಗಿ ಎಂದು ಹಿರಿಯರು ಕಿರಿಯರಿಗೆ ಹೇಳಿಕೊಡುತ್ತಿದ್ದರು. ಈಗ ಒಬ್ಬೊಬ್ಬರಾಗಿ ಲೆಕ್ಕ ಹಾಕತೊಡಗಿದ್ದು ಅವರ ಮುಖದಲ್ಲೇ ಕಾಣುತ್ತಿತ್ತು.

"ನನ್ನ ಎರಡು ಮೆಮೊ" ಎಂದ ಮುಂದಿನ ಸಾಲಿನ ದಪ್ಪ ಮೀಸೆಯವನು.

"ನನಗೆ ಬಡ್ತಿ ತಪ್ಪಿತ್ತಲ್ಲೋ, ಎರಡೇ ನಿಮಿಷಕ್ಕೆ!"

"ನಮ್ಮ ವಾಚೇ ಸರಿ ಇಲ್ಲ ಅಂತ ಮಾರಿಬಿಟ್ಟೆ ನಾನು!"

ಸದ್ದು ಏರಿತು. ಭಾವ ಕೈಯೆತ್ತಿದರು, ಸದ್ದು ಇಳಿಯಿತು. "ಹನ್ನೊಂದು ಐವತ್ತು" ಎಂದರು. "ನಾನೂರ ಹನ್ನೆರಡರ ಬಸ್ಸು ಹನ್ನೊಂದು ಐವತ್ತಕ್ಕೆ ಬಂದಿತ್ತು. ಎಲ್ಲರೂ ಕೇಳಿಸ್ಕೊಳ್ಳಿ. ತಡ ಆಗಿರಲಿಲ್ಲ. ಅಮ್ಮನಿಗೆ ನೀರು ಕುಡಿಸೋಕೆ ನಿಂತಿದ್ದೆ, ಅದನ್ನೂ ಸರಿದೂಗಿಸ್ಕೊಂಡಿದ್ದೆ." ಆಮೇಲೆ, ಬಹಳ ಮರ್ಯಾದೆಯಿಂದ, ವೇದಿಕೆಯ ಕಡೆ ತಿರುಗಿದರು. "ಸಾರ್, ಟೈಮೆಷ್ಟು?"

ಹೊತ್ತು ಕೇಳಿದರೆ ಹೇಳದೆ ಇರಲು ಆಗದ ಮನುಷ್ಯ ವಾಚು ನೋಡಿಕೊಂಡರು. ತೋಳಿನಲ್ಲಿದ್ದ ಕಾಣಿಕೆಯ ಗಡಿಯಾರ ನೋಡಿದರು. ಬಾಯಿ ತೆರೆಯಿತು, ಮುಚ್ಚಿತು. ನಲವತ್ತು ಜನರ ಮುಂದೆ, ಬಾಯಿ ಬಿಡದೆ ನಿಂತರು.

ಭಾವ ಕೂತರು.

ಹಿಂದಿರುಗುವಾಗ ಟೈಮ್ ಸಾಹೇಬರಿಗೆ ನಮ್ಮ ಕಾರೇ ಗತಿ. ಸಂಘದವರು ಯಾರೂ ಅವರನ್ನು ಮೆಟ್ಟಿಲವರೆಗೂ ಬಿಡಲು ಬರಲಿಲ್ಲ. ಸಮುದ್ರ ಈಗ ಬಲಗಡೆ, ಹೊತ್ತು ಇಳಿಯುತ್ತ ನೀರೆಲ್ಲ ತಾಮ್ರ. ಅವರ ಮಡಿಲಲ್ಲಿ ಸರಿಯಾದ ಹೊತ್ತು ಟಿಕ್ ಟಿಕ್ ಎನ್ನುತ್ತಿತ್ತು, ಕೈಯಲ್ಲಿ ತಪ್ಪು ಹೊತ್ತು.

ತಿರುವಿಗೆ ಮುಂಚೆ ಎರಡು ಹಾರ್ನ್. ಈ ಸಲ ಕಾರು ನೀಲಿ ಮನೆಯ ಗೇಟಿನ ಮುಂದೆ ನಿಂತಿತು.

"ಇಲ್ಲಿ ನಮ್ಮಮ್ಮ ನಿಲ್ತಿದ್ರು" ಎಂದರು ಭಾವ. "ನೀವು ನನ್ನ ಎತ್ತಿಹಾಕಿದ ಮೇಲೂ ಐದು ತಿಂಗಳು ನಿಂತ್ರು. ಇಳೀರಿ ಸಾರ್. ಮೂರು ನಿಮಿಷ."

ಟೈಮ್ ಸಾಹೇಬರು ಇಳಿದರು. ಕೋಟಿನ ಮುದುಕ, ಎದೆಗೆ ಗಡಿಯಾರ ಅವಚಿಕೊಂಡು ಬೇರೆಯವರ ಮನೆಯ ಗೇಟಿನ ಹತ್ತಿರ ನಿಂತರು. ಬಸ್ಸೊಂದು ಬಂತು, ಧೂಳೆಬ್ಬಿಸಿ ಹೋಯಿತು. ಮೂರು ನಿಮಿಷ ಅಷ್ಟು ಉದ್ದ ಎಂದು ನನಗೆ ಗೊತ್ತಿರಲಿಲ್ಲ. ಮತ್ತೆ ಹತ್ತಿ ಕೂತವರು ವಾಚಿನ ಕೀಲಿಯನ್ನು ಉಗುರಿನಿಂದ ಮೀಟಿ ಮುಳ್ಳು ಹಿಂದೆ ತಿರುಗಿಸಲು ಹೋದರು.

ಭಾವ ಅವರ ಕೈ ಹಿಡಿದರು. "ಬೇಡ ಸಾರ್. ಸರಿ ಮಾಡ್ಬೇಡಿ. ಹಾಗೇ ಇರಲಿ. ಇರೋವರೆಗೂ ಅದನ್ನೇ ಕಟ್ಕೊಂಡು ನೋಡ್ತಾ ಇರಿ. ಆ ಗೋಡೆ ಗಡಿಯಾರ ನನಗೆ ಕೊಡಿ. ಸರಿಯಾದ ಟೈಮ್ ಬೇಕಾದಾಗ ನಮ್ಮನೆಗೆ ಫೋನ್ ಮಾಡಿ ಕೇಳಿ."

ಟೈಮ್ ಸಾಹೇಬರು ಗಡಿಯಾರವನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟರು. ಭಾವ ಅದನ್ನು ಹಿಂದಿನ ಸೀಟಿಗೆ, ನನ್ನ ಮಡಿಲಿಗೆ ದಾಟಿಸಿ, "ನಿನ್ನದೂ ಬಾಕಿ ಇದೆ. ಇದನ್ನ ಬರಿ. ಈ ಸಲ ನಗಿಸೋಕೆ ಹೋಗ್ಬೇಡ" ಎಂದರು. ಅದು ನನ್ನ ಕೈಲಾಗದ ಶಿಕ್ಷೆ ಎಂದು ಅವರಿಗೂ ಗೊತ್ತು.

ಆ ರಾತ್ರಿ ಅಕ್ಕನ ಗುಂಡಿ ಡಬ್ಬಿ ನೆಲದ ಮೇಲೆ ಬೋರಲಾಯಿತು. ತಾಯಿಯ ವಾಚು ಕೋಟಿನ ಗುಂಡಿಗಳ ನಡುವೆ ಸಿಕ್ಕಿತು. ಕೀಲಿ ಕೊಟ್ಟರೆ ಓಡಿತು. ಈಗ ಅದು ಭಾವನ ಕೈಯಲ್ಲಿದೆ.

ದಿನಾ ಬೆಳಿಗ್ಗೆ ಏಳಕ್ಕೆ ಅಕ್ಕನ ಮನೆಯ ಫೋನು ಬಡಿದುಕೊಳ್ಳುತ್ತದೆ. ಟೈಮ್ ಸಾಹೇಬರು. ಪಾಪ, ವಾಚು ತಿದ್ದಿಲ್ಲ ಎಂದು ಅವರ ಮಗಳೇ ಹೇಳಿದಳು. ಭಾವ ಕೂಡಲೇ ಎತ್ತುವುದಿಲ್ಲ. ಕುರ್ಚಿ ಎಳೆದುಕೊಂಡು ಫೋನಿನ ಮುಂದೆ ಕೂತು, ತಾಯಿಯ ವಾಚನ್ನು ನೋಡುತ್ತಿರುತ್ತಾರೆ. ಅದು ನಿಲ್ಲುತ್ತದೆ, ಮತ್ತೆ ಬಡಿದುಕೊಳ್ಳುತ್ತದೆ, ನಿಲ್ಲುತ್ತದೆ, ಬಡಿದುಕೊಳ್ಳುತ್ತದೆ.

"ಎತ್ತಬಾರದೇನ್ರೀ?" ಎಂದು ಅಕ್ಕ ಒಳಗಿನಿಂದ ಕೂಗುತ್ತಾಳೆ.

"ಇನ್ನೂ ಎರಡು ನಿಮಿಷ ಇದೆ ಕಣೇ" ಎನ್ನುತ್ತಾರೆ ಭಾವ.